ಪ್ರತಿಕ್ರಿಯೆ: ಗೋಧಿಯ ಬದಲು ಹಿಟ್ಟನ್ನು ಕೂಡಿಡಬಹುದೇ?
ಸಹೋದರಿಯವರೇ, ನಿಮ್ಮ ವಾರ್ಡಿನ (ಮಾರ್ಮನ್ ಚರ್ಚಿನ ಸ್ಥಳೀಯ ಸಭೆಯ) ರಿಲೀಫ್ ಸೊಸೈಟಿಯವರು, ಅಂದರೆ ಆ ಚರ್ಚಿನ ಮಹಿಳಾ ಸಂಘದವರು, ದೀರ್ಘಕಾಲದ ದಾಸ್ತಾನಿಗೆ ಇಡಿ ಗೋಧಿಯನ್ನೇ ಕೊಳ್ಳಲು ಹೇಳಿದ್ದಾರೆ, ಅದರ ಬದಲು ಚಪಾತಿ ಹಿಟ್ಟನ್ನು ಇಟ್ಟರಾಗದೇ ಎಂದು ಕೇಳಿದ್ದೀರಿ. ಆಗದು. ಬೀಸಿದೊಡನೆ ಕಾಳಿನೊಳಗಿನ ಎಣ್ಣೆಯಂಶಕ್ಕೆ ಗಾಳಿ ತಗುಲಿ, ಕೆಲವೇ ತಿಂಗಳಲ್ಲಿ ಹಿಟ್ಟು ಕಮಟು ವಾಸನೆ ಹಿಡಿಯುತ್ತದೆ. ಪಾಲಿಶ್ ಮಾಡದ ಅಕ್ಕಿಯ ಪಾಡೂ ಅದೇ. ಇಡಿ ಗೋಧಿ, ಬಿಳಿ ಅಕ್ಕಿ, ಒಣಗಿದ ಕಾಳುಗಳಾದರೆ, ತೇವಾಂಶ ಶೇ. 10ನ್ನು ಮೀರದಂತೆ ನೋಡಿಕೊಂಡು, ಆಮ್ಲಜನಕ ಹೀರುವ ಪುಟ್ಟ ಪೊಟ್ಟಣದೊಂದಿಗೆ ತಗಡಿನ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ತಂಪಾದ ಜಾಗದಲ್ಲಿಟ್ಟಾಗ, ಸುಮಾರು 30 ವರ್ಷ ಬಾಳುತ್ತವೆ. ಸಕ್ಕರೆಗೆ ಮಾತ್ರ ಆ ಪೊಟ್ಟಣ ಹಾಕಬೇಡಿ, ಕಲ್ಲಿನಂತೆ ಗಟ್ಟಿಯಾಗುತ್ತದೆ. 1876ರಿಂದ ಈ ಸೊಸೈಟಿಯ ಹೆಂಗಸರು ಅಮೆರಿಕದ ಯೂಟಾದಲ್ಲಿ ಕೂಡಿಟ್ಟದ್ದೂ ಗೋಧಿಯನ್ನೇ. 1918ರಲ್ಲಿ ಅಮೆರಿಕ ಸರ್ಕಾರಕ್ಕೆ ಎರಡು ಲಕ್ಷ ಬುಷೆಲ್‌ಗೂ (ಒಂದು ಬುಷೆಲ್ ಗೋಧಿ ಎಂದರೆ ಸುಮಾರು 27 ಕಿಲೋ) ಹೆಚ್ಚು ಮಾರಿದರು. ಗೋಧಿಯ ಜೊತೆಗೆ ಕೈಯಿಂದ ತಿರುಗಿಸುವ ಗಿರಣಿಯೊಂದನ್ನೂ ಕೊಳ್ಳಿ. ಕರೆಂಟು ಹೋದ ದಿನ ವಿದ್ಯುತ್ ಗಿರಣಿಯಿಂದ ಉಪಯೋಗವಿಲ್ಲ.