ನನ್ನ ಮೇಲ್ ಯಾರಾದರೂ ಓದುತ್ತಿದ್ದಾರಾ?

ಪ್ರಶ್ನೆ: ಮೊನ್ನೆ ಟಿಕೆಟ್ ಬುಕ್ ಮಾಡಿದೆ. ಕನ್ಫರ್ಮ್ ಆದ ಮೇಲ್ ಬಂತು, ಸ್ವಲ್ಪ ಹೊತ್ತಿಗೆ ಹೊರಡುವ ದಿನ, ಟೈಮು ಎಲ್ಲ ಫೋನಿನ ಕ್ಯಾಲೆಂಡರ್‌ನಲ್ಲಿ ತಾನಾಗಿಯೇ ಬಂದು ಕೂತಿತ್ತು. ನಾನಂತೂ ಹಾಕಿಲ್ಲ. ಇದೇ ಜಿಮೇಲ್‌ನಿಂದ ಅಕ್ಕನಿಗೆ ನನ್ನ ಬ್ಲಡ್ ಟೆಸ್ಟ್ ರಿಪೋರ್ಟ್ ಕಳಿಸಿದ್ದೇನೆ. ಅದನ್ನೂ ಯಾರಾದರೂ ಓದಿರಬಹುದಾ? ಭಯ ಆಗ್ತಿದೆ.

ಉತ್ತರ: ನಿಮಗೆ ಭಯ ಆಗಿದ್ದು ಸಹಜ. ಟಿಕೆಟ್ ಮೇಲ್ ಅನ್ನು ಓದಿದ್ದು ಒಂದು ಪ್ರೋಗ್ರಾಂ. ಕೂತು ಓದುವ ಕೆಲಸದವರು ಯಾರೂ ಇಲ್ಲ. ಆದರೆ ಪ್ರೋಗ್ರಾಂ ತಾನೇ ಅಂತ ಬಿಟ್ಟುಬಿಡುವ ವಿಷಯವೂ ಅಲ್ಲ ಇದು.

ಮೇಲ್ ಕಂಪನಿಗಳು ಸ್ಪ್ಯಾಮ್, ವೈರಸ್, ಮೋಸದ ಲಿಂಕ್ ಹಿಡಿಯೋಕೆ ಬರುವ ಪ್ರತಿ ಮೇಲ್ ಅನ್ನೂ ಜಾಲಾಡುತ್ತವೆ. ಇದು ಬೇಕೇ ಬೇಕು, ಇಲ್ಲದಿದ್ದರೆ ಇನ್‌ಬಾಕ್ಸ್ ತೆರೆಯೋಕೇ ಆಗಲ್ಲ. ನನ್ನ ತಕರಾರು ಬೇರೆ ಕಡೆ ಇದೆ. 2004ರಲ್ಲಿ ಜಿಮೇಲ್ ಶುರುವಾದಾಗ ಮೇಲ್‌ನಲ್ಲಿರುವ ಮಾತು ನೋಡಿಯೇ ಪಕ್ಕದಲ್ಲಿ ಜಾಹೀರಾತು ಹಾಕುತ್ತಿದ್ದರು. ಅದನ್ನು ನಿಲ್ಲಿಸುತ್ತೇವೆ ಅಂತ ಗೂಗಲ್ ಹೇಳಿದ್ದು 2017ರಲ್ಲಿ. ಹದಿಮೂರು ವರ್ಷ! ಯಾಹೂ ಕಥೆ ಇನ್ನೂ ಕೆಟ್ಟದು. ಅಮೆರಿಕದ ಗುಪ್ತಚರ ಸಂಸ್ಥೆ ಕೇಳಿದ್ದಕ್ಕೆ ಬಳಕೆದಾರರ ಒಳಬರುವ ಮೇಲ್‌ಗಳನ್ನೆಲ್ಲ ಅದು ಜಾಲಾಡಿತ್ತು ಅನ್ನೋದನ್ನು 2016ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಬಯಲು ಮಾಡಿತು. ಒಂದು ಕೆಲಸಕ್ಕೆ ಅಂತ ಕಟ್ಟಿದ ಯಂತ್ರವನ್ನು ನಾಳೆ ಇನ್ನೊಂದಕ್ಕೆ ತಿರುಗಿಸಬಹುದು ಅಲ್ವಾ, ನನಗೆ ಚಿಂತೆ ಇರೋದು ಅದೇ.

ಅದಕ್ಕಿಂತ ಜಾಸ್ತಿ ಹೆದರಬೇಕಾದ್ದು ನಾವೇ ಬಾಗಿಲು ತೆಗೆದುಕೊಟ್ಟ ಆ್ಯಪ್‌ಗಳಿಗೆ. ಬೇಡದ ಮೇಲ್‌ಗಳಿಂದ ಬಿಡಿಸಿಕೊಡ್ತೀವಿ ಅಂತ ಅನ್‌ರೋಲ್.ಮಿ ಅನ್ನೋ ಉಚಿತ ಸೇವೆ ಇತ್ತು. ಜನರ ಇನ್‌ಬಾಕ್ಸ್‌ನಲ್ಲಿದ್ದ ಟ್ಯಾಕ್ಸಿ ರಸೀದಿಗಳಿಂದ ಹೆಸರು ತೆಗೆದು, ಅನ್‌ರೋಲ್.ಮಿಯ ಮಾತೃಸಂಸ್ಥೆ ಆ ಮಾಹಿತಿಯನ್ನು ಊಬರ್‌ಗೆ ಮಾರುತ್ತಿತ್ತು ಅಂತ 2017ರಲ್ಲಿ ಗೊತ್ತಾಯಿತು. ಅನುಮತಿ ಕೊಡೋ "ಅಲೌ" ಬಟನ್ ಒತ್ತುವಾಗ ಯಾರು ತಾನೇ ಪೂರ್ತಿ ಓದುತ್ತಾರೆ? ಹಾಗಾಗಿ ಇವತ್ತೇ ಗೂಗಲ್ ಅಕೌಂಟ್ ತೆರೆದು, ಸೆಕ್ಯುರಿಟಿ ವಿಭಾಗದಲ್ಲಿ ಯಾವ ಯಾವ ಆ್ಯಪ್‌ಗೆ ಅನುಮತಿ ಇದೆ ಅಂತ ನೋಡಿ. ಯಾವತ್ತೋ ಒಂದು ಸಲ ಬಳಸಿ ಮರೆತ ಆ್ಯಪ್ ಖಂಡಿತ ಒಂದೆರಡು ಸಿಗುತ್ತವೆ. ಕಿತ್ತುಹಾಕಿ.

ಕ್ಯಾಲೆಂಡರ್ ವಿಷಯ ಸುಲಭ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ "ಸ್ಮಾರ್ಟ್ ಫೀಚರ್ಸ್" ಅಂತ ಇದೆ, ಆಫ್ ಮಾಡಿ. ಟೈಪ್ ಮಾಡುವಾಗ ಮುಂದಿನ ಪದ ತಾನೇ ಬರೋದೂ ನಿಲ್ಲುತ್ತದೆ. ಪ್ರಮೋಷನ್ಸ್, ಸೋಶಿಯಲ್ ಅಂತ ಬೇರೆ ಬೇರೆ ಮಾಡಿಡೋದೂ ಹೋಗುತ್ತದೆ. ಸ್ಪ್ಯಾಮ್ ತಪಾಸಣೆ ಮಾತ್ರ ಹಾಗೇ ಇರುತ್ತದೆ.

ಕಂಪನಿಗೇ ಓದೋಕೆ ಆಗಬಾರದು ಅಂದರೆ ಪ್ರೋಟಾನ್ ಮೇಲ್, ಟೂಟಾ ಥರದವು ಇವೆ. ಅಲ್ಲಿ ಮೇಲ್ ಬೀಗ ಹಾಕಿಕೊಂಡೇ ಸರ್ವರ್‌ನಲ್ಲಿ ಇರುತ್ತದೆ, ಕೀ ನಿಮ್ಮ ಹತ್ತಿರ. ಆದರೆ ಅಕ್ಕ ಜಿಮೇಲ್‌ನಲ್ಲೇ ಇದ್ದು, ನೀವು ಮಾಮೂಲಿ ಮೇಲ್ ಥರವೇ ಕಳಿಸಿದರೆ, ಅವರ ಕಡೆಯ ಕಾಪಿ ಬೀಗ ಇಲ್ಲದೆ ಗೂಗಲ್ ಹತ್ತಿರವೇ ಇರುತ್ತದೆ. ಇದನ್ನು ತುಂಬ ಜನ ಮರೆಯುತ್ತಾರೆ.

ರಿಪೋರ್ಟ್‌ಗೆ ಅಷ್ಟೆಲ್ಲ ಬೇಕಿಲ್ಲ. ಮುಂದಿನ ಸಲ ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ ಕಳಿಸಿ, ಪಾಸ್‌ವರ್ಡ್ ಅನ್ನು ಅದೇ ಮೇಲ್‌ನಲ್ಲಿ ಬರೆಯದೆ ಫೋನಿನಲ್ಲಿ ಹೇಳಿ. ಸಬ್ಜೆಕ್ಟ್‌ನಲ್ಲಿ ಕಾಯಿಲೆ ಹೆಸರು ಬೇಡ. ಮೊದಲು ಕಳಿಸಿದ್ದನ್ನು ನೀವೂ ಡಿಲೀಟ್ ಮಾಡಿ, ಅಕ್ಕನಿಗೂ ಮಾಡೋಕೆ ಹೇಳಿ. ಇಬ್ಬರೂ ಟ್ರ್ಯಾಶ್ ಖಾಲಿ ಮಾಡಬೇಕು, ಇಲ್ಲದಿದ್ದರೆ ಅದು ಅಲ್ಲೇ 30 ದಿನ ಕೂತಿರುತ್ತದೆ.