ಶಿಲೀಂಧ್ರದ ಔಷಧಿಯಿಂದ ಪರಾವಲಂಬಿ ರೋಗ ವಾಸಿಯಾಗುತ್ತದೆಯೇ?

ಹುಳುಕಡ್ಡಿಗೆ ಕೊಡುವ ಮಾತ್ರೆಗಳು ಪ್ರಯೋಗಾಲಯದಲ್ಲಿ ಕಾಲಾ ಅಜಾರ್ (ಮರಳುನೊಣದಿಂದ ಹರಡುವ ಜ್ವರ) ಮತ್ತು ಚಾಗಸ್ (ಲ್ಯಾಟಿನ್ ಅಮೆರಿಕದ, ಕೀಟದಿಂದ ಹರಡುವ ರೋಗ) ರೋಗಗಳ ಪರಾವಲಂಬಿಗಳನ್ನೂ ಕೊಲ್ಲುತ್ತವೆಂದು ಓದಿದ್ದೀರಿ; ಹಾಗಿದ್ದ ಮೇಲೆ ಅಷ್ಟು ಸುಲಭವಾಗಿ ಸಿಗುವ ಔಷಧಿಯನ್ನು ರೋಗಿಗಳಿಗೆ ಏಕೆ ಕೊಡುವುದಿಲ್ಲ ಎಂದು ಕೇಳಿದ್ದೀರಿ. ಧಾರವಾಡದಿಂದ ಬಂದು ಪುಣೆಯ ಒಂದು ಪ್ರಯೋಗಾಲಯದಲ್ಲಿ ಕೆಲವು ವರ್ಷ ಇಂಥ ಪರೀಕ್ಷೆಗಳನ್ನೇ ಮಾಡಿದವನಾದ್ದರಿಂದ ಉತ್ತರಿಸುತ್ತಿದ್ದೇನೆ.

ಶಿಲೀಂಧ್ರಕ್ಕೂ ಈ ಏಕಕೋಶ ಜೀವಿಗಳಿಗೂ ಇರುವ ಹೋಲಿಕೆ ಅವುಗಳ ಪೊರೆಯಲ್ಲಿದೆ. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟೆರಾಲ್ ಮಾಡುವ ಕೆಲಸವನ್ನು ಅವುಗಳಲ್ಲಿ ಎರ್ಗೊಸ್ಟೆರಾಲ್ ಮತ್ತು ಅದನ್ನು ಹೋಲುವ ಸ್ಟೆರಾಲ್‌ಗಳು ಮಾಡುತ್ತವೆ. ಶಿಲೀಂಧ್ರದ ಔಷಧಿಗಳಲ್ಲಿ ಒಂದಾದ ಆಂಫೊಟೆರಿಸಿನ್-ಬಿ ಆ ಸ್ಟೆರಾಲ್‌ಗೇ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ. ಫ್ಲುಕೊನಜೋಲ್, ಇಟ್ರಾಕೊನಜೋಲ್, ಪೋಸಕೊನಜೋಲ್ ಇವು ಆ ಸ್ಟೆರಾಲ್ ತಯಾರಾಗಲು ಬೇಕಾದ ಕಿಣ್ವವನ್ನು ತಡೆಯುತ್ತವೆ.

ಈ ಎರಡನೆಯ ಬಗೆಯ ಒಂದು ಔಷಧಿಯನ್ನು ಕಾಲಾ ಅಜಾರ್‌ನ ಪರಾವಲಂಬಿಯಾದ ಲೀಶ್ಮೇನಿಯಾದ ಮೇಲೆ ಪರೀಕ್ಷಿಸುವಾಗ, ಎಲ್ಲವೂ ಸತ್ತಿವೆಯೆಂದು ನಾನು ಬರೆದಿಟ್ಟ ತಟ್ಟೆಯನ್ನು ನಮ್ಮ ಮೇಡಂ ಎಸೆಯಲು ಬಿಡಲಿಲ್ಲ. ಔಷಧಿಯನ್ನು ತೊಳೆದು, ಹೊಸ ಪೋಷಕ ದ್ರವ ಹಾಕಿ, ಒಂದು ವಾರ ಕಾಯಲು ಹೇಳಿದರು. ಎಂಟನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಮತ್ತೆ ಈಜಾಡುತ್ತಿದ್ದವು. ನಾನು ಸಾವೆಂದು ಎಣಿಸಿದ್ದು ಬೆಳವಣಿಗೆಯ ತಾತ್ಕಾಲಿಕ ನಿಲುಗಡೆಯಷ್ಟೇ ಆಗಿತ್ತು.

ಮನುಷ್ಯರಲ್ಲೂ ಬಹುಮಟ್ಟಿಗೆ ಇದೇ ಕಂಡಿತು. ಚಾಗಸ್ ರೋಗಿಗಳಿಗೆ 60 ದಿನ ಪೋಸಕೊನಜೋಲ್ ಕೊಟ್ಟು ನೋಡಿದ, 2014ರಲ್ಲಿ ಪ್ರಕಟವಾದ ಸ್ಪೇನಿನ ಪರೀಕ್ಷೆಯಲ್ಲಿ, ಮಾತ್ರೆ ನುಂಗುತ್ತಿದ್ದಷ್ಟು ಕಾಲ ಬಹುತೇಕ ಎಲ್ಲರ ರಕ್ತದಲ್ಲೂ ಪರಾವಲಂಬಿಯ ಸುಳಿವು ಇರಲಿಲ್ಲ. ನಿಲ್ಲಿಸಿದ ಮೇಲಿನ ತಿಂಗಳುಗಳಲ್ಲಿ ಶೇಕಡಾ 80ಕ್ಕೆ ಕಡಿಮೆಯಿಲ್ಲದಷ್ಟು ಮಂದಿಯಲ್ಲಿ ಅದು ಮರಳಿ ಕಾಣಿಸಿತು. ಚಾಗಸ್‌ಗೆ ಮೊದಲಿನಿಂದ ಕೊಡುತ್ತಿದ್ದ ಹಳೆಯ ಔಷಧಿ ಬೆಂಜ್ನಿಡಜೋಲ್, ಅಡ್ಡ ಪರಿಣಾಮಗಳ ಕಾಟವಿದ್ದರೂ, ಅದಕ್ಕಿಂತ ಬಹಳ ಮೇಲಾಗಿತ್ತು. ಆ ವರದಿ ಓದಿದ ದಿನ ನನಗೆ ನಿಜಕ್ಕೂ ದುಃಖವಾಯಿತು, ಏಕೆಂದರೆ ಇಲಿಗಳಲ್ಲಿ ಅದೇ ಔಷಧಿ ಎಷ್ಟೋ ಭರವಸೆ ಹುಟ್ಟಿಸಿತ್ತು.

ಆದರೆ ಆಂಫೊಟೆರಿಸಿನ್-ಬಿ ಗೆದ್ದಿದೆ. ವೆನೆಜುವೆಲಾದ ಮಣ್ಣಿನ ಬ್ಯಾಕ್ಟೀರಿಯಾದಿಂದ 1950ರ ದಶಕದಲ್ಲಿ ದೊರೆತ ಈ ಶಿಲೀಂಧ್ರನಾಶಕ ಮೂತ್ರಪಿಂಡಕ್ಕೆ ಕಠಿಣವಾದುದು. ಅದನ್ನು ಲಿಪೊಸೋಮ್ ಎಂಬ ಸೂಕ್ಷ್ಮ ಕೊಬ್ಬಿನ ಗುಳ್ಳೆಗಳಲ್ಲಿಟ್ಟಾಗ ಆ ವಿಷ ಬಹಳ ತಗ್ಗುತ್ತದೆ. ಬಿಹಾರದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದೇಹತೂಕದ ಪ್ರತಿ ಕಿಲೋಗ್ರಾಂಗೆ 10 ಮಿಲಿಗ್ರಾಂನಂತೆ ಒಂದೇ ಸಲ ಡ್ರಿಪ್ ಮೂಲಕ ಕೊಟ್ಟಾಗ ಸುಮಾರು ಶೇಕಡಾ 95 ಕಾಲಾ ಅಜಾರ್ ರೋಗಿಗಳು ಗುಣವಾದರು. ಗುಣವಾದರೆಂದು ತೀರ್ಮಾನಿಸಿದ್ದು ಜ್ವರ ಇಳಿದ ದಿನವಲ್ಲ, ಆರು ತಿಂಗಳು ಕಾದ ಮೇಲೆ. ಹಾಗಾಗಿ ತಟ್ಟೆಯಲ್ಲಿ ಕೊಂದಿತೆಂಬ ವರದಿಯನ್ನು ನಂಬಿ ಅಂಗಡಿಯಿಂದ ಫ್ಲುಕೊನಜೋಲ್ ತಂದು ಯಾರಿಗೂ ಕೊಡಬೇಡಿ.