ಒಬ್ಬರ ಯೋಚನೆಯ ಹಿಂದಿರುವ ನಂಬಿಕೆಯನ್ನು ಅವರೇ ಕಂಡುಕೊಳ್ಳಲು ಹೇಗೆ ನೆರವಾಗುವುದು?

ಒಂದೇ ಪ್ರಶ್ನೆಯನ್ನು ಮೆಲ್ಲಗೆ ಮತ್ತೆ ಮತ್ತೆ ಕೇಳಿ: "ಅದು ನಿಜವೇ ಆದರೆ, ಅದರ ಅರ್ಥ ಏನು?" ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಶುರುಮಾಡಿದ ಚಿಕಿತ್ಸಾ ಪದ್ಧತಿಯಲ್ಲಿ ಈ ದಾರಿ ಇಂದಿಗೂ ಬಳಕೆಯಲ್ಲಿದೆ.

ಗೆಳತಿಯೊಬ್ಬಳು ಮೀಟಿಂಗಿನಲ್ಲಿ ಬಾಯಿ ಬಿಡುವುದಿಲ್ಲ ಅಂದುಕೊಳ್ಳಿ.

"ಮಾತಾಡಿದರೆ ಏನಾಗುತ್ತೆ?"
"ತಪ್ಪು ಹೇಳಿಬಿಡ್ತೀನಿ."
"ಹೇಳಿದರೆ?"
"ಎಲ್ಲರೂ ನಗ್ತಾರೆ."
"ನಕ್ಕರೆ, ಅದರ ಅರ್ಥ?"
"ನಾನು ದಡ್ಡಿ ಅಂತ."

ಅಡಿಯಲ್ಲಿದ್ದದ್ದು ಇದು: ತಪ್ಪು ಮಾಡುವವರು ದಡ್ಡರು. ಮೀಟಿಂಗ್ ಬರೀ ನೆಪ, ಅಲ್ವಾ? ಇಷ್ಟು ಕಂಡ ಮೇಲೆ, ಆ ನಂಬಿಕೆ ಎಷ್ಟು ನಿಜ ಎಂದು ಅವಳೇ ನೋಡಬಹುದು.

"ಯಾಕೆ ಹೀಗೆ ಯೋಚಿಸ್ತೀಯಾ?" ಎಂದು ಮಾತ್ರ ಕೇಳಬೇಡಿ. ಅದು ಬೈದ ಹಾಗೆ ಕೇಳಿಸುತ್ತದೆ. ಉತ್ತರವನ್ನು ನೀವೇ ಹೇಳಿಕೊಡಬೇಡಿ. ಅವಳಿಗೆ ಅಳು ಬಂದರೆ ಅಲ್ಲಿಗೇ ನಿಲ್ಲಿಸಿ, ಸುಮ್ನೆ ಜೊತೆಗಿರಿ.